ದೊಡ್ಡದೊಂದೋ, ಚಿಕ್ಕವೆರಡೋ

"ಊಟವಾದ ಮೇಲೆ ಕಾಮಾ ದಿನಕ್ಕೆರಡು ಸಲ ಕಾಮಾ ಅಥವಾ ವೈದ್ಯರು ಹೇಳಿದಂತೆ ಫುಲ್‌ಸ್ಟಾಪ್," ಎಂದು ಓದಿದ ಅಕ್ಕ ಒಂದು ಗುಟುಕು ನೀರು ಕುಡಿದು, ಮುಂದಿನ ಸಾಲಿಗೆ ದನಿಯನ್ನು ತುಸು ಏರಿಸಿದಳು. "ಕೆಲವರಲ್ಲಿ ತಲೆಸುತ್ತು ಕಾಮಾ ಬಾಯಿ ಒಣಗುವುದು ಕಾಮಾ ಕಾರಣವಿಲ್ಲದ ಸಿಟ್ಟು ಕಾಣಿಸಿಕೊಳ್ಳಬಹುದು ಫುಲ್‌ಸ್ಟಾಪ್."

'ಕಾರಣವಿಲ್ಲದ' ಎಂಬ ಮಾತಿನ ಮೇಲೆ ಅಕ್ಕ ಹೆಬ್ಬೆರಳಿಟ್ಟು ಒತ್ತಿದ ಹಾಗಿತ್ತು. ಚಿಕ್ಕವಳು ಮಾನಿಟರಿನಿಂದ ಕಣ್ಣು ಕೀಳದೆ, "ಮತ್ತೊಂದ್ಸಲ ಓದಿ," ಎಂದಳು. ಅಕ್ಕ ಮತ್ತೊಂದು ಸಲ ಓದಿದಳು. ಈ ಸಲ ಸಿಟ್ಟಿಗೆ ಕಾರಣ ಇನ್ನೂ ಕಡಿಮೆಯಿತ್ತು.

ಇಬ್ಬರೂ ಒಂದೇ ಮನೆಯ ಸೊಸೆಯರು. ಅಣ್ಣನ ಹೆಂಡತಿ ಮಹಡಿಯ ಮೇಲೆ, ತಮ್ಮನ ಹೆಂಡತಿ ಕೆಳಗೆ. ಬೆಳಿಗ್ಗೆ ಒಂದೇ ಗೇಟು ದಾಟಿ ಬಂದು, ಒಂದೇ ಪ್ರೆಸ್ಸಿನಲ್ಲಿ, ಒಂದೇ ಮೇಜಿಗೆ ಕೂರುತ್ತಿದ್ದರು. ಔಷಧಿಯ ಡಬ್ಬಿಯೊಳಗೆ ಎಂಟು ಮಡಿಕೆಯಾಗಿ ಅಡಗಿ ಕೂತಿರುವ, ಯಾರೂ ಓದದೆ ಎಸೆಯುವ ಹಾಳೆ ಇದೆಯಲ್ಲ, ಅದನ್ನು ಅಚ್ಚಿಗೆ ಹೋಗುವ ಮೊದಲು ಓದುವ ಪುಣ್ಯ ಇವರದು. ಅಕ್ಕ ಒಪ್ಪಿಗೆಯಾದ ಮೂಲಪ್ರತಿಯನ್ನು ಕೈಯಲ್ಲಿ ಹಿಡಿದು ಗಟ್ಟಿಯಾಗಿ ಓದಬೇಕು, ಚಿಕ್ಕವಳು ಹೊಸದಾಗಿ ಜೋಡಿಸಿದ ಪುಟವನ್ನು ಮಾನಿಟರಿನಲ್ಲಿ ನೋಡುತ್ತ ಹೋಗಬೇಕು. ಕಿವಿಗೂ ಕಣ್ಣಿಗೂ ಜಗಳ ಬಿದ್ದ ಕಡೆ ಪುಟವನ್ನು ತಿದ್ದಬೇಕು. ಪ್ರೆಸ್ಸಿನವರು ಅಕ್ಕನಿಗೆ 'ರೇಡಿಯೊ' ಎಂದೂ ಚಿಕ್ಕವಳಿಗೆ 'ದುರ್ಬೀನು' ಎಂದೂ ನಾಮಕರಣ ಮಾಡಿದ್ದರು. ನೂರು ಜುಟ್ಟು ಸೇರಿದರೂ ಎರಡು ಜಡೆ ಸೇರುವುದಿಲ್ಲ ಎನ್ನುವವರಿಗೆ ಈ ಮೇಜನ್ನು ತೋರಿಸಿ ಬಾಯಿ ಮುಚ್ಚಿಸುವುದು ಅಲ್ಲಿ ರೂಢಿಯಾಗಿತ್ತು.

ಆದರೆ ಪ್ರೆಸ್ಸಿನವರಿಗೆ ಗೊತ್ತಿಲ್ಲದ ಸಂಗತಿಯೊಂದಿತ್ತು. ಮಳೆಗಾಲ ಶುರುವಾದಾಗಿನಿಂದ ಜಡೆಗಳಿಗೆ ಮಾತಿರಲಿಲ್ಲ.

ನೆಂಟರ ಮನೆಯೊಂದರಲ್ಲಿ ಊಟ ಮುಗಿಸಿ ಎಲ್ಲರೂ ಸುತ್ತ ಕೂತಿದ್ದಾಗ, ಚಿಕ್ಕವಳು ತಾನು ಮದುವೆಯಾಗಿ ಬಂದ ಹೊಸತರಲ್ಲಿ ತಾರಸಿಯ ಮೇಲೆ ಸಿಕ್ಕಿಹಾಕಿಕೊಂಡ ಕಥೆ ಎತ್ತಿದ್ದಳು. ಬಟ್ಟೆ ಒಣಹಾಕಲು ಹೋದವಳ ಹಿಂದೆ ಬಾಗಿಲು ಧಡಾರನೆ ಮುಚ್ಚಿಕೊಂಡು, ಹೊಸ ಮನೆಯಲ್ಲಿ ಯಾರನ್ನು ಏನೆಂದು ಕೂಗಬೇಕೆಂದು ತಿಳಿಯದೆ ನಿಂತದ್ದು, ಕೊನೆಗೆ ಪಕ್ಕದ ಮನೆಯವರು ಏಣಿ ಹಾಕಿ ಇಳಿಸಿಕೊಂಡದ್ದು. ಚೆನ್ನಾಗಿ ಹೇಳುತ್ತಿದ್ದಳು, ಜನ ನಗುತ್ತಿದ್ದರು. ಅಷ್ಟರಲ್ಲಿ ಅಕ್ಕ, ಮಧ್ಯಾಹ್ನ ಅಲ್ಲ, ಬೆಳಿಗ್ಗೆ ಎಂದಳು. ಚಿಕ್ಕವಳು ಬೆಳಿಗ್ಗೆ ಎಂದು ತಿದ್ದಿಕೊಂಡು ಮುಂದೆ ಹೋದಳು. ಅಕ್ಕ, ಏಣಿ ಅಲ್ಲ, ಸ್ಟೂಲು ಎಂದಳು. ಜನ ಈಗ ಕಥೆಗೆ ನಗುವುದು ಬಿಟ್ಟು ಕಥೆ ಹೇಳುವವಳಿಗೆ ನಗತೊಡಗಿದರು. ಪಕ್ಕದ ಮನೆಯವರೂ ಅಲ್ಲ ಎಂದು ಅಕ್ಕ ಮೂರನೆಯ ಸಲ ಬಾಯಿ ತೆಗೆದಾಗ ಚಿಕ್ಕವಳು ಎದ್ದು ಕೈ ತೊಳೆಯಲು ಹೋಗಿಬಿಟ್ಟಳು, ಕೈ ಆಗಲೇ ತೊಳೆದಾಗಿದ್ದರೂ. ಮನೆಗೆ ಬಂದು ಮೆಟ್ಟಿಲ ಬುಡದಲ್ಲಿ ನಿಂತು ಹೇಳಿದಳು:

"ನನ್ನ ಬದುಕೇನು ಪ್ರೂಫಾ ಅಕ್ಕ, ನೀವು ಕೂತು ತಿದ್ದೋಕೆ? ಇನ್ಮೇಲೆ ನನ್ನ ಯಾವ ಮಾತನ್ನೂ ತಿದ್ದಬೇಡಿ."

"ಆಯ್ತು. ತಿದ್ದಲ್ಲ," ಎಂದು ಅಕ್ಕ ಮಹಡಿ ಹತ್ತಿದಳು.

ಬೇರೆ ಓರಗಿತ್ತಿಯಾಗಿದ್ದರೆ ಹಾಗೆ ಹೇಳಿ ಮಾರನೆಯ ದಿನವೇ ತಿದ್ದುತ್ತಿದ್ದಳು. ಅಕ್ಕ ಕೊಟ್ಟ ಮಾತನ್ನು ಉಳಿಸಿಕೊಂಡಳು, ಅದೇ ಎಡವಟ್ಟಾಯಿತು. ಆ ಇಬ್ಬರ ಮಾತಿನಿಂದ ತಿದ್ದುಪಡಿಗಳನ್ನು ತೆಗೆದುಹಾಕಿದರೆ ಮಿಕ್ಕುವುದು ಕಾಮಾಗಳಷ್ಟೇ. ಮನೆಯಲ್ಲಿ ನೀರಿನ ಮೋಟಾರು ಹಾಕಬೇಕೇ, ಬೇಡವೇ ಎಂಬುದನ್ನೂ ಅಣ್ಣತಮ್ಮಂದಿರು ಮೇಲಿಂದ ಕೆಳಗೆ, ಕೆಳಗಿಂದ ಮೇಲೆ ಹೊತ್ತು ಪೋಸ್ಟ್‌ಮನ್‌ಗಳಾದರು. ಪ್ರೆಸ್ಸಿನಲ್ಲಿ ಮಾತ್ರ ಬಾಯಿ ಬಿಡಲೇಬೇಕಿತ್ತು, ಬಾಯಿ ಬಿಡುವುದಕ್ಕೇ ಸಂಬಳವಿತ್ತು. ಹೀಗಾಗಿ ಜ್ವರ, ಅಜೀರ್ಣ, ಮಂಡಿನೋವುಗಳ ಮರೆಯಲ್ಲಿ ಅವರ ಸಂಸಾರ ನಡೆಯುತ್ತಿತ್ತು. ಅಕ್ಕ 'ಬಿಸಿಲಿನಲ್ಲಿ ಇಡಬೇಡಿ' ಎಂದು ಮೆಲ್ಲಗೆ ಓದಿದ ದಿನ ಅವಳ ಮನಸ್ಸು ನೆಟ್ಟಗಿದೆಯೆಂದೂ, 'ಮಕ್ಕಳ ಕೈಗೆ ಸಿಗದಂತೆ' ಎಂದು ಗುಡುಗಿದ ದಿನ ಮೇಲಿನ ಮನೆಯ ಮಗ ಮತ್ತೇನೋ ಒಡೆದಿದ್ದಾನೆಂದೂ ಚಿಕ್ಕವಳು ಲೆಕ್ಕ ಹಾಕುತ್ತಿದ್ದಳು.

ಮ್ಯಾನೇಜರು ಅಳತೆಯ ಟೇಪು ಹಿಡಿದು ಬಂದದ್ದು ಆ ಕಾರಣವಿಲ್ಲದ ಸಿಟ್ಟಿನ ಸಾಲು ಮುಗಿಯುತ್ತಿದ್ದಂತೆಯೇ. ಮೇಜಿನ ಉದ್ದ ಅಳೆದು, ಇನ್ನು ಮೇಲೆ ಮೂಲಪ್ರತಿ ಕಾಗದದಲ್ಲಿ ಬರುವುದಿಲ್ಲ, ಅದೂ ಕಂಪ್ಯೂಟರಿಗೇ ಬರುತ್ತದೆ ಎಂದರು. ಎರಡನ್ನೂ ಒಟ್ಟಿಗೆ ನೋಡಬೇಕಾದರೆ ಈ ಅಂಗೈಯಗಲದ ಹಳೆಯ ಮಾನಿಟರು ಸಾಲದು. ಮೇಜಿಗೆ ಒಂದು ದೊಡ್ಡ ಮಾನಿಟರು ಹಾಕಿಸಿದರೆ ಇಬ್ಬರೂ ಈಗಿನಂತೆಯೇ ಕೂತು ನೋಡಬಹುದು. ಇಲ್ಲವೆಂದರೆ ತಲೆಗೆ ಎರಡೆರಡು ಚಿಕ್ಕವು. ಒಂದರಲ್ಲಿ ಮೂಲ, ಇನ್ನೊಂದರಲ್ಲಿ ಹೊಸ ಪುಟ. ಒಬ್ಬೊಬ್ಬರೇ ಹೋಲಿಸಿ ನೋಡಿ, ಆಮೇಲೆ ಒಬ್ಬರದನ್ನು ಇನ್ನೊಬ್ಬರು ಮರುಪರೀಕ್ಷೆ ಮಾಡಿ ಕಳಿಸಿದರಾಯಿತು. ಓದುವ ಕಷ್ಟವಿಲ್ಲ, ಕೆಲಸವೂ ದುಪ್ಪಟ್ಟು. ಅಡ್ಡಗೋಡೆಯ ಆಚೆ ಕಿಟಕಿಯ ಬಳಿ ಒಂದು ಮೇಜು ಖಾಲಿ ಇದೆ, ರೇಡಿಯೊ ಅಲ್ಲಿಗೆ ಹೋಗಬಹುದು. ಮ್ಯಾನೇಜರ ಮನಸ್ಸು ಯಾವ ಕಡೆಗಿದೆ ಎಂದು ಟೇಪಿಗೂ ಗೊತ್ತಾಗುತ್ತಿತ್ತು. ಆದರೂ ನೋಡುವ ಕಣ್ಣು ದುರ್ಬೀನಿನದಾದ್ದರಿಂದ ಶುಕ್ರವಾರದೊಳಗೆ ಅವಳೇ ಹೇಳಲಿ ಎಂದರು.

ಅಕ್ಕ ಮೂಲಪ್ರತಿಯ ಅಂಚನ್ನು ನೇರ ಮಾಡುತ್ತ ಕೂತಿದ್ದಳು. ಏನೂ ಹೇಳಲಿಲ್ಲ. ಹೇಳಿದರೆ ಅದು ತಿದ್ದಿದ ಹಾಗೆ.

ಆ ಸಂಜೆ ಚಿಕ್ಕವಳು ಗಂಡನ ಮುಂದೆ ಎರಡರ ಗುಣದೋಷ ಹರಡಿದಳು. ದೊಡ್ಡದೊಂದಾದರೆ ನಡುವೆ ಗೆರೆಯಿಲ್ಲ, ಕುತ್ತಿಗೆ ತಿರುಗಿಸಬೇಕಿಲ್ಲ. ಚಿಕ್ಕವೆರಡಾದರೆ ಯಾವುದು ಎಲ್ಲಿದೆ ಎಂಬ ಗೊಂದಲವಿಲ್ಲ, ತನ್ನ ಪಾಡಿಗೆ ತಾನು. ಅಕ್ಕ ಸಾಲಿಗೊಮ್ಮೆ ಗಂಟಲು ಸರಿಮಾಡಿಕೊಳ್ಳುವುದನ್ನು ಕೇಳಬೇಕಿಲ್ಲ. ಗಂಡ ಇಸ್ತ್ರಿ ಮಾಡುತ್ತಿದ್ದ ಅಂಗಿಯಿಂದ ತಲೆಯೆತ್ತಿ, ಅತ್ತಿಗೆಯನ್ನು ಕೇಳಿದೆಯಾ ಎಂದ. ಕೇಳಬೇಕಾದರೆ ಮಾತಾಡಬೇಕಲ್ಲ ಎಂದಳು ಇವಳು. ಅವನು ಕಾಲರನ್ನು ಎರಡು ಸಲ ಉಜ್ಜಿದ.

"ಹಂಗಾದ್ರೆ ಇನ್ಮೇಲೆ ಆಫೀಸಿಗೂ ನಾವೇ ಬರ್ಬೇಕಾ, ಅಣ್ಣ ತಮ್ಮ ಇಬ್ರೂ, ನಿಮ್ಮ ಮಾತು ಹೊರೋಕೆ?"

ಅದು ತಮಾಷೆಯ ಮಾತು. ಚಿಕ್ಕವಳಿಗೆ ಮಾತ್ರ ಅದು ಎಲ್ಲೋ ಚುಚ್ಚಿತು. ಚುಚ್ಚಿದ್ದಕ್ಕೇ ಹಟ ಬಂದು, ಮಾರನೆಯ ದಿನ ಮ್ಯಾನೇಜರ ಬಳಿ ಹೋಗಿ ಎರಡೆಂದರೆ ಎರಡೇ ಎಂದುಬಿಟ್ಟಳು. ಮೊದಲು ಸ್ವಲ್ಪ ದಿನ ಹಳೇ ಸ್ಟಾಕಿನವನ್ನು ಹಾಕಿ ನೋಡೋಣ, ಸರಿಹೋದರೆ ಹೊಸವನ್ನು ತರಿಸೋಣ ಎಂದರು ಅವರು. ಅಕ್ಕ ತನ್ನ ನೀರಿನ ಬಾಟಲಿ, ಕನ್ನಡಕದ ಡಬ್ಬಿ, ಬೆನ್ನಿಗಿಡುವ ದಿಂಬು ಎತ್ತಿಕೊಂಡು ಅಡ್ಡಗೋಡೆಯ ಆಚೆ ಹೋದಳು. ಕಂಪ್ಯೂಟರಿನವನು ವೈರು ಸಿಕ್ಕಿಸುತ್ತ, ಒಂದು ಪರದೆ ಇದ್ದರೆ ಕಣ್ಣಿಗೆ ಕೆಲಸ, ಎರಡಿದ್ದರೆ ಕುತ್ತಿಗೆಗೆ ಕೆಲಸ ಎಂದು ಹಾಸ್ಯ ಮಾಡಿದ. ಎರಡು ಪರದೆ ಬಂದದ್ದರಿಂದ ನಡುವೆ ಮೂರನೆಯದೂ ಒಂದು ಬಿದ್ದಿದೆಯೆಂದು ಅವನಿಗೇನು ಗೊತ್ತು.

ಮೊದಲ ದಿನ ಚಿಕ್ಕವಳಿಗೆ ಹಬ್ಬ. ಎಡಕ್ಕೊಂದು ಪುಟ, ಬಲಕ್ಕೊಂದು ಪುಟ, ನಡುವೆ ತಾನು ರಾಣಿ. ಎರಡನೆಯ ದಿನ ರಾಣಿಯ ಕುತ್ತಿಗೆ ಹಿಡಿದುಕೊಂಡಿತು. ಆಮೇಲಾಮೇಲೆ ಒಂದು ವಿಚಿತ್ರ ಗಮನಕ್ಕೆ ಬಂತು. ಪುಟ ನೋಡುವಾಗ ತಲೆಯೊಳಗೆ ಅಕ್ಷರಗಳು ಅಕ್ಕನ ದನಿಯಲ್ಲೇ ಓಡುತ್ತಿದ್ದವು, ಗಂಟಲು ಸರಿಮಾಡಿಕೊಳ್ಳುವುದರ ಸಮೇತ. ಮೇಲಿನ ಮನೆಯ ಮಗನ ಪರೀಕ್ಷೆ ಏನಾಯಿತು, ಅಕ್ಕನ ಮಂಡಿ ಹೇಗಿದೆ, ಒಂದೂ ತಿಳಿಯದೆ ವಾರವೇ ಕಳೆದಂತಿತ್ತು. ಹಿಂದೆಯೂ ಯಾರೂ ಹೇಳುತ್ತಿರಲಿಲ್ಲ, ಆದರೂ ಹೇಗೋ ತಿಳಿಯುತ್ತಿತ್ತು. ಗಂಡನ ಮೂಲಕ ಕೇಳಿಸಬಹುದಿತ್ತು. ಮಂಡಿನೋವು ವಿಚಾರಿಸಲು ಪೋಸ್ಟ್‌ಮನ್ ಕಳಿಸುವುದೇ ಎಂದು ಸುಮ್ಮನಾದಳು.

ಒಂದು ಮಧ್ಯಾಹ್ನ ಮಕ್ಕಳ ಜ್ವರದ ಸಿರಪ್ಪಿನ ಹಾಳೆ ಮುಗಿಸಿ ಮರುಪರೀಕ್ಷೆಗೆ ಆಚೆಗೆ ಕಳಿಸಿ, ಕುತ್ತಿಗೆ ನೀವಿಕೊಳ್ಳುತ್ತ ಕೂತಿದ್ದಾಗ ಅಡ್ಡಗೋಡೆಯ ಆಚೆಯಿಂದ ಗುಣುಗುಣು ಕೇಳಿತು. ಫೋನಿರಬೇಕು ಅಂದುಕೊಂಡಳು. ಕಿವಿಗೊಟ್ಟರೆ, ಫೋನಲ್ಲ. "ಚೆನ್ನಾಗಿ ಅಲುಗಾಡಿಸಿ ಕಾಮಾ ಆಮೇಲೆ ಕೊಡಿ ಫುಲ್‌ಸ್ಟಾಪ್." ಓದುವ ಕಷ್ಟವಿಲ್ಲವೆಂದು ಮ್ಯಾನೇಜರು ಹೇಳಿದ್ದ ಹೊಸ ವ್ಯವಸ್ಥೆಯಲ್ಲಿ ಅಕ್ಕ, ಎದುರಿಗೆ ಯಾರೂ ಇಲ್ಲದ ಮೇಜಿನಲ್ಲಿ ಕೂತು, ಗೋಡೆಗೆ ಜ್ವರದ ಸಿರಪ್ಪು ಓದಿ ಹೇಳುತ್ತಿದ್ದಳು.

ಚಿಕ್ಕವಳಿಗೆ ನಗು ಬಂತು. ನಗು ಅರ್ಧಕ್ಕೇ ನಿಂತಿತು, ಏಕೆಂದರೆ ಆಚೆಯ ದನಿಯೂ ನಿಂತಿತ್ತು. "ಎರಡು ವರ್ಷದೊಳಗಿನ ಮಕ್ಕಳಿಗೆ ಕಾಮಾ ಒಂದು ಚಮಚ." ದನಿ ಹಿಂದಕ್ಕೆ ಹೋಗಿ ಮತ್ತೆ ಬಂತು. "ಎರಡು ವರ್ಷದೊಳಗಿನ ಮಕ್ಕಳಿಗೆ ಕಾಮಾ ಒಂದು ಚಮಚ." ಕುರ್ಚಿ ಕಿರ್ರೆಂದಿತು. ಅಕ್ಕ ಎದ್ದಿರಬೇಕು. ಮತ್ತೆ ಕಿರ್ರೆಂದಿತು. ಕೂತಿರಬೇಕು. ಇನ್ನೊಂದು ಸಲ ಕಿರ್ರೆಂದ ಮೇಲೆ, ಅಡ್ಡಗೋಡೆಯ ಪಕ್ಕದಲ್ಲಿ ಅಕ್ಕ ಕನ್ನಡಕವನ್ನು ಕೈಯಲ್ಲಿ ಹಿಡಿದು ನಿಂತಿದ್ದಳು. ಬಿಸಿ ತುಪ್ಪ ಬಾಯಲ್ಲಿಟ್ಟುಕೊಂಡವರ ಮುಖ. ಚಿಕ್ಕವಳ ಕಡೆ ನೋಡದೆ, ಕಪಾಟಿನ ಕಡೆ ನೋಡುತ್ತ ಓದಿದಳು:

"ಎರಡು ವರ್ಷದೊಳಗಿನ ಮಕ್ಕಳಿಗೆ ಕಾಮಾ ಒಂದು ಚಮಚ, ಪ್ರಶ್ನಾರ್ಥಕ ಚಿಹ್ನೆ."

ಔಷಧಿಯ ಹಾಳೆಯಲ್ಲಿ ಪ್ರಶ್ನಾರ್ಥಕ ಚಿಹ್ನೆ ಇರುವುದಿಲ್ಲ. ಔಷಧಿ ಹೇಳುತ್ತದೆಯೇ ಹೊರತು ಕೇಳುವುದಿಲ್ಲ. ಚಿಕ್ಕವಳು ಎಡಕ್ಕೆ ನೋಡಿದಳು, ಬಲಕ್ಕೆ ನೋಡಿದಳು. ಎರಡು ಕಡೆಯೂ ಒಂದು ಚಮಚವೇ ಇತ್ತು.

"ಎರಡೂ ಕಡೆ ಹಾಗೇ ಇದೆಯಲ್ಲ," ಎಂದಳು. ದನಿಯಲ್ಲಿ ಹಳೆಯ ಖಾರ ಇನ್ನೂ ಇತ್ತು.

ಅಕ್ಕ ತುಟಿ ಬಿಗಿದು ತಲೆಯಾಡಿಸಿ, ತಿರುಗಿ ಹೊರಟಳು. ಕೊಟ್ಟ ಮಾತು ಕೊಟ್ಟ ಮಾತೇ.

ಚಿಕ್ಕವಳು ಕಣ್ಣು ಮುಚ್ಚಿಕೊಂಡಳು. ಈ ಸಿರಪ್ಪು ಹೊಸದಲ್ಲ. ಕಂಪನಿಯ ವಿಳಾಸ ಬದಲಾದಾಗೊಮ್ಮೆ, ಬಾಟಲಿಯ ಬಣ್ಣ ಬದಲಾದಾಗೊಮ್ಮೆ ಈ ಮೇಜಿಗೆ ಬಂದುಹೋದದ್ದು. ಕಣ್ಣಿಗೆ ಏನೂ ನೆನಪಿರಲಿಲ್ಲ. ಕಿವಿಗಿತ್ತು. ಅರ್ಧ ಚಮಚ. ಅದರ ಹಿಂದೆಯೇ ಬೆಳಿಗ್ಗೆ ತನ್ನ ಬೆರಳು 'ಅರ್ಧ' ಎಂಬುದನ್ನು ಅಳಿಸಿ 'ಒಂದು' ಎಂದು ಹೊಡೆದದ್ದೂ ನೆನಪಾಯಿತು. ಹೊಡೆದದ್ದು ಯಾವ ಪರದೆಯಲ್ಲಿ ಎಂದು ನೆನಪಾಗಲಿಲ್ಲ.

ಎಡಗಡೆಯ ಪುಟವನ್ನು ಯಾವಾಗ ತಿದ್ದಲಾಗಿದೆ ಎಂದು ಹುಡುಕಿ ನೋಡಿದಳು. ಈವತ್ತು ಬೆಳಿಗ್ಗೆ. ಎಡಗಡೆಯದು ಮೂಲ. ಅದಕ್ಕೆ ಯಾರೂ ಬೀಗ ಹಾಕಿರಲಿಲ್ಲ, ಹಾಕಬೇಕೆಂದು ಯಾರಿಗೂ ಹೊಳೆದಿರಲಿಲ್ಲ. ಇಷ್ಟು ವರ್ಷ ಅವಳ ಪಾಲಿಗೆ ಮಾನಿಟರಿನ ಮೇಲಿದ್ದದ್ದೆಲ್ಲ ಅನುಮಾನ, ಕಿವಿಗೆ ಬಿದ್ದದ್ದು ಸತ್ಯ. ಈಗ ಎರಡೂ ಮಾನಿಟರಿನ ಮೇಲೇ ಬಂದು ಕೂತಾಗ ಕೈ ತನಗೆ ಹತ್ತಿರವಿದ್ದದ್ದನ್ನು ತಿದ್ದಿತ್ತು. ಸರಿಯಾದದ್ದನ್ನು ತಪ್ಪಿಗೆ ತಾಳೆ ಮಾಡಿ, ತಾಳೆಯಾಯಿತೆಂದು ಸಹಿ ಹಾಕಿ ಕಳಿಸಿದ್ದಳು. ಎರಡು ವರ್ಷದೊಳಗಿನ ಮಕ್ಕಳು.

"ಅಕ್ಕ, ನಿಲ್ಲಿ," ಎಂದಳು. "ಅದು ಅರ್ಧ ಚಮಚ. ನಾನು ಮೂಲವನ್ನೇ ತಿದ್ದಿಬಿಟ್ಟಿದ್ದೀನಿ."

ಅಕ್ಕ ನಿಂತಳು. "ನಾನೇನೂ ಹೇಳ್ಲಿಲ್ಲ."

"ಹೇಳ್ಬೇಕಿತ್ತು."

"ತಿದ್ದಬೇಡಿ ಅಂದಿದ್ದೆಯಲ್ಲ."

"ಅಂದಿದ್ದೆ. ಅದು ತಪ್ಪು. ತಿದ್ದಿ. ಜನರ ಮುಂದೆ ಮಾತ್ರ ಬೇಡ ಅಕ್ಕ, ಮನೆಗೆ ಬಂದ ಮೇಲೆ ಎಷ್ಟು ಬೇಕಾದ್ರೂ ತಿದ್ದಿ."

ಅಕ್ಕ ವಾಪಸು ಬಂದು ಹಳೆಯ ಜಾಗದಲ್ಲಿ ಕೂರಲು ಹೋದಳು. ಅಲ್ಲಿ ಕುರ್ಚಿ ಇರಲಿಲ್ಲ. ಮೇಜಿನ ಅಂಚಿಗೆ ಒರಗಿದಳು. ಸ್ವಲ್ಪ ಹೊತ್ತು ಕನ್ನಡಕದ ಗಾಜು ಒರೆಸುತ್ತಿದ್ದಳು.

"ನಿನ್ನ ಮರ್ಯಾದೆ ತೆಗೀಬೇಕು ಅಂತ ಅಲ್ಲ ಹುಡುಗಿ. ಅವತ್ತು ಸ್ಟೂಲಿನ ಮೇಲೆ ನಿಂತು ತಾರಸಿ ಬಾಗಿಲ ಮೇಲಿನ ಚಿಲಕ ಕಿತ್ತಿದ್ದು ನಾನು. ಉಗುರು ಕಿತ್ತುಬಂದಿತ್ತು. ನೀನು ಅಳ್ತಾ ಇದ್ದೆ, ನನ್ನ ಸೆರಗಲ್ಲೇ ಮೂಗು ಒರೆಸ್ಕೊಂಡೆ. ಎಲ್ಲರ ಮುಂದೆ ಪಕ್ಕದ ಮನೆಯವರು ಅಂದ್ಬಿಟ್ಟೆ."

ಚಿಕ್ಕವಳಿಗೆ ಏಣಿ ಎಷ್ಟು ಸ್ಪಷ್ಟವಾಗಿ ಕಾಣುತ್ತಿತ್ತೆಂದರೆ ಅದರ ಮುರಿದ ಮೆಟ್ಟಿಲೂ ಕಾಣುತ್ತಿತ್ತು. ಹೇಳಿ ಹೇಳಿ, ಪ್ರತಿಸಲವೂ ನಗು ಹೆಚ್ಚಿಸಲೆಂದು ಒಂದೊಂದನ್ನೇ ಸೇರಿಸಿ, ಏಣಿಗೆ ಮೆಟ್ಟಿಲು ಜೋಡಿಸಿದವಳು ತಾನೇ. ಈಗ ಕಣ್ಣು ಮುಚ್ಚಿದರೆ ಬಾಗಿಲಿನ ಆಚೆಯಿಂದ ಒಂದು ದನಿ, ಇಷ್ಟೊಂದು ಒಣಗಿರದ, ಚಿಕ್ಕ ವಯಸ್ಸಿನ ದನಿ, ಅಳಬೇಡ ಬಂದೆ, ಅಳಬೇಡ ಬಂದೆ ಎನ್ನುತ್ತಿತ್ತು. ಆಗಿನ್ನೂ ಅವರಿಗೆ ಪರಸ್ಪರ ಏನೆಂದು ಕರೆಯಬೇಕೆಂದೂ ಗೊತ್ತಿರಲಿಲ್ಲ.

"ಯಾವ ಉಗುರು?" ಎಂದಳು ಕೊನೆಗೆ.

ಅಕ್ಕ ಬಲಗೈಯ ತೋರುಬೆರಳನ್ನು ಮುಂದೆ ಚಾಚಿದಳು. ಉಗುರು ಎಂದೋ ನೆಟ್ಟಗೆ ಬೆಳೆದುಕೊಂಡಿತ್ತು. ನೋಡಲು ಅಲ್ಲಿ ಏನೂ ಇರಲಿಲ್ಲ. ಚಿಕ್ಕವಳು ಆ ಬೆರಳನ್ನು ಹಿಡಿದು ಕಣ್ಣಿನ ಹತ್ತಿರ ತಂದು ನೋಡಿದಳು, ಪೂರ್ತಿ ಒಂದು ಹಾಳೆ ನೋಡುವಷ್ಟು ಹೊತ್ತು.

ಆಮೇಲೆ ಇಬ್ಬರೂ ಸೇರಿ ಕಪಾಟಿನಲ್ಲಿದ್ದ ಹಳೆಯ ಪ್ರತಿ ತೆಗೆದು ನೋಡಿ, ಮೂಲವನ್ನು ಮೂಲದ ಹಾಗೆ ಮಾಡಿ, ಹೊಸ ಪುಟವನ್ನು ತಿದ್ದಿದರು. ಆ ವಾರ ಮುಗಿಸಿದ್ದ ಎಲ್ಲ ಹಾಳೆಗಳನ್ನೂ ತಡೆದು ಮತ್ತೆ ಓದಿದರು, ಅಕ್ಕ ನಿಂತುಕೊಂಡೇ. ಒಂದೊಂದರ ಮೂಲವನ್ನೂ ಯಾವಾಗ ಮುಟ್ಟಲಾಗಿದೆ ಎಂದು ನೋಡಿದರು, ಬೇರೆಲ್ಲೂ ಮೂಲ ಕೆಟ್ಟಿರಲಿಲ್ಲ. ಅದಾದ ಮೇಲೆ ಚಿಕ್ಕವಳು ಮ್ಯಾನೇಜರ ಕೋಣೆಗೆ ಹೋಗಿ ನಡೆದದ್ದನ್ನು ಇದ್ದ ಹಾಗೆಯೇ, ಒಂದು ಮೆಟ್ಟಿಲನ್ನೂ ಸೇರಿಸದೆ ಹೇಳಿದಳು. ಅವರ ಮುಖ ಬಿಳುಚಿಕೊಂಡಿತು. ಆಮೇಲೆ ಕೆಂಪಾಯಿತು. ಇಂಥದ್ದು ಇನ್ನೊಂದು ಸಲ ಆದರೆ ಕೆಲಸದ ಮಾತೇ ಇಲ್ಲ ಎಂದು ಗುಡುಗಿ, ಮೂಲಪ್ರತಿಗಳಿಗೆ ಆಗಿಂದಾಗಲೇ ಬೀಗ ಹಾಕಿಸಿದರು. ಬೀಗ ಬಿದ್ದ ಮೇಲೆ ಸಮಾಧಾನವಾಗಿ, ಹಾಗಾದರೆ ಎರಡು ಪರದೆಗೆ ಇನ್ನು ಅಡ್ಡಿಯಿಲ್ಲವಲ್ಲ ಎಂದರು.

"ಬೀಗ ಇದ್ರೆ ಮೂಲ ಕೆಡಲ್ಲ ಸಾರ್, ನಿಜ," ಎಂದಳು ಚಿಕ್ಕವಳು. "ಆದ್ರೆ ಈ ತಪ್ಪು ಹಿಡಿದದ್ದು ಬೀಗ ಅಲ್ಲ, ರೇಡಿಯೊ. ನಮಗೆ ದೊಡ್ಡದೊಂದೇ ಸಾಕು."

ಕೆಲಸ ಅರ್ಧಕ್ಕರ್ಧ ಕಡಿಮೆಯಾಗುತ್ತದೆಂದು ಮ್ಯಾನೇಜರು ಲೆಕ್ಕ ತೋರಿಸಿದರು. ಅವರ ಲೆಕ್ಕ ಸರಿಯಾಗಿಯೇ ಇತ್ತು, ಅವಳು ಇಲ್ಲವೆನ್ನಲಿಲ್ಲ. ಬಾಗಿಲಲ್ಲಿ ನಿಂತಿದ್ದ ಅಕ್ಕ, ಮಕ್ಕಳ ಔಷಧಿಗಾದರೂ ಇಬ್ಬರು ಬೇಕು ಎಂದಳು. ಸುಮ್ಮನೆ ಕೂತರೆ ತನಗೂ ಮಂಡಿ ಹಿಡಿಯುತ್ತದೆ, ಬಾಯಿ ಆಡುತ್ತಿದ್ದರೆ ನೋವು ಗೊತ್ತಾಗುವುದಿಲ್ಲ ಎಂದೂ ಸೇರಿಸಿದಳು. ಕೊನೆಗೆ ಆರು ತಿಂಗಳು ನೋಡೋಣ ಎಂದಾಯಿತು. ಆರು ತಿಂಗಳಾದ ಮೇಲೆ ಏನೆಂದು ಮ್ಯಾನೇಜರು ಹೇಳಲಿಲ್ಲ, ಇವರು ಕೇಳಲಿಲ್ಲ. ಒಂದು ವಿಷಯದಲ್ಲಿ ಮಾತ್ರ ಅಕ್ಕ ಜಗ್ಗಲಿಲ್ಲ. ದೊಡ್ಡ ಮಾನಿಟರು ಕಿಟಕಿಯ ಬಳಿಯ ಮೇಜಿಗೇ ಬರಬೇಕು. ಅಡ್ಡಗೋಡೆಯ ಆಚೆ ಗಾಳಿ ಚೆನ್ನಾಗಿದೆ, ಇಷ್ಟು ದಿನ ಈ ಮೂಲೆಯಲ್ಲಿ ಯಾಕೆ ಬೆಂದೆವೋ ಎಂದಳು. ಹಾಗಾದರೆ ನೀವು ಅಲ್ಲಿ ಸುಖವಾಗೇ ಇದ್ದಿರಿ ಅನ್ನಿ ಎಂದು ಚಿಕ್ಕವಳು ಕೆಣಕಿದರೆ, ಬೆಳಕು ಚೆನ್ನಾಗಿತ್ತು, ಕೇಳೋರಿರಲಿಲ್ಲ ಎಂದಳು.

ಮಾನಿಟರು ಬಂತು. ಬಾಗಿಲಲ್ಲಿ ಅಡ್ಡಡ್ಡ ತರಬೇಕಾದಷ್ಟು ದೊಡ್ಡದು. ಕಿಟಕಿಯ ಬಿಸಿಲು ಅದರ ಮೇಲೆ ಬಿದ್ದು ಏನೂ ಕಾಣದಾದಾಗ ಕಂಪ್ಯೂಟರಿನವನು, ಪರದೆಗೂ ಒಂದು ಪರದೆ ಹಾಕಿಸಿ ಎಂದು ಹೇಳಿ ಹೋದ. ಅಕ್ಕ ಮನೆಯಿಂದ ಹಳೆಯ ಬೆಡ್‌ಶೀಟು ತಂದು ಕಿಟಕಿಗೆ ಕಟ್ಟಿದಳು. ಎಡಗಡೆ ಅವಳು ಓದುವ ಮೂಲ, ಬಲಗಡೆ ಇವಳು ನೋಡುವ ಪುಟ. ಸಾಲಿನ ನಡುವೆ ಚಿಕ್ಕವಳ ಕಣ್ಣು ಕಳ್ಳತನದಿಂದ ಎಡಕ್ಕೆ ಹೋದರೆ, ಅಕ್ಕ ಓದುವುದನ್ನು ನಿಲ್ಲಿಸಿ, "ನಿನ್ನ ಕಡೆ ನೋಡು," ಎನ್ನುತ್ತಿದ್ದಳು.

ಅಲ್ಲಿಯವರೆಗೆ ಸಂಜೆ ಒಂದೇ ಬಸ್ಸಿಗೆ ಒಬ್ಬಳು ಮುಂದಿನ ಬಾಗಿಲಿನಿಂದ, ಒಬ್ಬಳು ಹಿಂದಿನ ಬಾಗಿಲಿನಿಂದ ಹತ್ತುತ್ತಿದ್ದವರು ಮಾನಿಟರು ಬಂದ ದಿನ ಒಂದೇ ಬಾಗಿಲಿನಿಂದ ಹತ್ತಿದರು. ಇಬ್ಬರ ಸೀಟೊಂದು ಖಾಲಿಯಿತ್ತು. ಕಿಟಕಿಯ ಕಡೆ ಯಾರೆಂದು ಮಾತಿಲ್ಲದೆ ಅಕ್ಕ ಅಲ್ಲಿ ಕೂತಾಗಿತ್ತು. ಬಸ್ಸು ಹೊರಟಿತು. ಪಾತ್ರೆ ಅಂಗಡಿ, ಕೀಲಿ ರಿಪೇರಿ, ಹಲ್ಲಿನ ಡಾಕ್ಟರು, ಬಾಡಿಗೆಗೆ ಇದೆ ಎಂದು ಅಕ್ಕ ಹೊರಗೆ ಹಾದುಹೋಗುವ ಬೋರ್ಡುಗಳನ್ನು ಯಾರಿಗೂ ಅಲ್ಲದಂತೆ ಸಣ್ಣ ದನಿಯಲ್ಲಿ ಓದುತ್ತ ಹೋದಳು. ಚಿಕ್ಕವಳು ಬೋರ್ಡುಗಳ ಕಡೆ ತಲೆ ತಿರುಗಿಸಲಿಲ್ಲ. ಸೀಟಿಗೆ ತಲೆ ಆನಿಸಿ, ಕಣ್ಣು ಮುಚ್ಚಿಕೊಂಡು ಕೂತಿದ್ದಳು.